ಮಡಚುವ ಉಳಿ

ಮಡಚಿಡಬಹುದಾದ ವಸ್ತುಗಳೆಂದರೆ ನಮ್ಮಂಥ ವರ್ಗಾವಣೆಯ ಸಂಸಾರಗಳಿಗೆ ಮೊದಲಿನಿಂದಲೂ ಒಂದು ಕೈ ಹೆಚ್ಚು ಪ್ರೀತಿ. ಮಡಚುವ ಮಂಚ, ಮಡಚುವ ಕುರ್ಚಿ, ಮೂರು ಮಡಿಕೆಯ ಕೊಡೆ, ಮಡಚುವ ಈಳಿಗೆಮಣೆ. ಗುಂಡ್ಲುಪೇಟೆಯಿಂದ ಕೊಳ್ಳೇಗಾಲಕ್ಕೆ, ಅಲ್ಲಿಂದ ಯಳಂದೂರಿಗೆ, ಕೊನೆಗೆ ಈ ಸಂತೆಮರಹಳ್ಳಿಗೆ ಸಾಮಾನು ಹೇರಿಕೊಂಡು ಬಂದವಳು ನಾನು. ಯಾವ ವಸ್ತು ಎಷ್ಟು ಜಾಗ ತಿನ್ನುತ್ತದೆ ಎನ್ನುವ ಲೆಕ್ಕ ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಆದ್ದರಿಂದ ಮಡಚುವ ವಸ್ತು ಕಂಡರೆ ಮೂಗು ಮುರಿಯುವವಳು ನಾನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಈಗ ನಾನು ತಪ್ಪು ಒಪ್ಪು ಹೇಳಹೊರಟಿರುವುದು ಒಂದು ಮಡಚುವ ಉಳಿಯ ಬಗ್ಗೆ.

ಉಳಿಗೂ ಒಂದು ವಿಮರ್ಶೆಯೇ ಎಂದು ನೀವು ನಗಬಹುದು. ಕಥೆ ಕಾದಂಬರಿಗಳಿಗೆ ವಿಮರ್ಶೆಯಿದೆ, ಸಿನಿಮಾಗಳಿಗಿದೆ. ಮದುವೆಮನೆಯ ಹುಳಿಗೆ ಎಲೆಯ ಮುಂದೆ ಕೂತಲ್ಲೇ ವಿಮರ್ಶೆ ನಡೆದುಹೋಗುತ್ತದೆ. ಹುಳಿಗಿರುವ ಭಾಗ್ಯ ಉಳಿಗೇಕೆ ಬೇಡ? ನಮ್ಮ ಕಡೆಯ ಮಕ್ಕಳ ಬಾಯಲ್ಲಂತೂ ಎರಡೂ ಒಂದೇ. ಉಕ್ತಲೇಖನದಲ್ಲಿ ‘ಬಡಗಿಯು ಹುಳಿಯಿಂದ ಮರವನ್ನು ಕೆತ್ತಿದನು’ ಎಂಬ ವಾಕ್ಯವನ್ನು ನಾನು ಪ್ರತಿ ವರ್ಷ ತಿದ್ದುತ್ತಲೇ ಬಂದಿದ್ದೇನೆ.

ವಸ್ತು ಹೀಗಿದೆ. ಮಡಚಿದಾಗ ಒಂದು ಗೇಣಿಗಿಂತ ಚಿಕ್ಕದು, ಕನ್ನಡಕದ ಡಬ್ಬಿಯಷ್ಟು. ಕಪ್ಪು ರಬ್ಬರಿನ ಹೊದಿಕೆಯ ಹಿಡಿ, ಅದರ ಹೊಟ್ಟೆಯಲ್ಲಿ ಸೀಳು. ಸೀಳಿನೊಳಗೆ ಮುಕ್ಕಾಲು ಅಂಗುಲ ಅಗಲದ ಅಲಗು ಪೇನಾಚಾಕುವಿನ ಹಾಗೆ ಮಲಗಿರುತ್ತದೆ. ಉಗುರಿನಿಂದ ಎತ್ತಿ ಬಿಡಿಸಿದರೆ ‘ಟಕ್’ ಎಂದು ನಿಲ್ಲುತ್ತದೆ. ಮಡಚಬೇಕಾದರೆ ಒಳಗಿನ ಒಂದು ಸ್ಪ್ರಿಂಗ್ ಪಟ್ಟಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಬೇಕು. ಹಿಡಿಯ ತುದಿಗೆ ಒಂದು ಉಕ್ಕಿನ ಟೋಪಿ ಇದೆ, ಬೇಕಾದರೆ ಹೊಡೆಯಬಹುದು ಎಂಬ ಸೂಚನೆಗೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚೀಲವೂ ಉಂಟು. ಸೀರೆ ಉಡುವವರು ಅದನ್ನು ಎಲ್ಲಿಗೆ ಸಿಕ್ಕಿಸಬೇಕೋ ತಯಾರಿಸಿದವರು ಯೋಚಿಸಿದಂತಿಲ್ಲ. ಕಂಪನಿಯ ಹೆಸರು ಬೇಡ. ಇದು ಒಬ್ಬರ ಮೇಲಿನ ದೂರಲ್ಲ, ಇಂಥ ಉಳಿಗಳು ಈಗ ಬೇರೆ ಬೇರೆ ಹೆಸರಿನಲ್ಲಿ ಸಿಕ್ಕುತ್ತವೆ.

ಇದು ನನ್ನ ಕೈಗೆ ಬಂದ ಕಾರಣವನ್ನು ಹೇಳಬೇಕು. ನಮ್ಮ ಶಾಲೆಯಲ್ಲಿ ಓದಿ ಈಗ ಬೆಂಗಳೂರಿನಲ್ಲಿರುವ ಕೆಲವರು ಸೇರಿ ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳಿಗೆ ಮರಗೆಲಸದ ಸಾಮಾನು ಕೊಡಿಸುವುದಾಗಿ ಮುಂದೆ ಬಂದರು. ಸಂತೋಷದ ಮಾತು. ಜೊತೆಗೆ ಮಾದರಿಗೆಂದು ಈ ಉಳಿಯನ್ನೂ ಕಳಿಸಿದರು. ‘ಮೇಡಂ, ಹೆಣ್ಣುಮಕ್ಕಳಲ್ಲವೇ, ಸಾದಾ ಉಳಿ ಅಪಾಯ. ಇದಾದರೆ ಮಡಚಿ ಇಡಬಹುದು. ನೀವು ನೋಡಿ ಹೂಂ ಎಂದರೆ ಹತ್ತು ತರಿಸುತ್ತೇವೆ’ ಎಂದು ಪತ್ರ. ಒಂದರ ಬೆಲೆಯಲ್ಲಿ ಅಂಗಡಿಯ ಸಾದಾ ಉಳಿ ಮೂರು ಬರುತ್ತವೆ. ಇಂಥ ಹಣ ಶಾಲೆಗೆ ಒಂದು ಸಲ ಬರುತ್ತದೆ, ಎರಡನೆಯ ಸಲ ಬಂದದ್ದನ್ನು ನಾನು ಕಂಡಿಲ್ಲ. ಹೂಂ ಎಂದರೂ ಊಹೂಂ ಎಂದರೂ ಅದು ಹತ್ತಾರು ಹುಡುಗಿಯರ ಮೇಲೆ ಬೀಳುವ ಮಾತು. ಹಾಗಾಗಿ ಒಂದು ತಿಂಗಳು ಇಟ್ಟುಕೊಂಡು ನೋಡುತ್ತೇನೆಂದು ಬರೆದೆ.

ಹೆಣ್ಣುಮಕ್ಕಳಿಗೆ ಮರಗೆಲಸವೇ ಎಂದು ಕೇಳುವವರು ಇಂದಿಗೂ ಇದ್ದಾರೆ. ಕಾಗದದ ಮೇಲೆ ಈ ಪ್ರಶ್ನೆ ಯಾವಾಗಲೋ ಮುಗಿದಿದೆ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಶಾಲೆಯಲ್ಲಿ ಕಾರ್ಯಾನುಭವ ಬೇಕು ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ‘ಸಮಾಜೋಪಯೋಗಿ ಉತ್ಪಾದಕ ಕೆಲಸ’ ಎಂಬ ಉದ್ದನೆಯ ಹೆಸರು ಕೊಟ್ಟಿತು. ನಾನು 1994ರಲ್ಲಿ ಕೆಲಸಕ್ಕೆ ಸೇರಿದಾಗ, ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕಾಗಿದ್ದ ಕಾಲದಲ್ಲಿ, ಆ ಪೀರಿಯಡ್ಡಿನಲ್ಲಿ ಹುಡುಗರು ತೋಟದ ಕೆಲಸ, ರಟ್ಟಿನ ಕೆಲಸ, ಮರದ ಕೆಲಸಕ್ಕೆ ಹೋಗುತ್ತಿದ್ದರು. ಹುಡುಗಿಯರು ಕರವಸ್ತ್ರಕ್ಕೆ ಚೈನ್ ಸ್ಟಿಚ್ ಹಾಕುತ್ತಿದ್ದರು. ಸೂಜಿಯೂ ಚುಚ್ಚುತ್ತದೆ, ಕತ್ತರಿಯೂ ಕೊಯ್ಯುತ್ತದೆ. ಅವು ಅಪಾಯ ಎಂದು ಯಾರೂ ಹೇಳಿದ್ದನ್ನು ಕೇಳಿಲ್ಲ. ಅಡುಗೆಮನೆಯ ಈಳಿಗೆಯನ್ನು ಹತ್ತು ವರ್ಷದ ಹುಡುಗಿಯ ಮುಂದಿಟ್ಟು ‘ಬೇಗ ಬೇಗ ಹೆಚ್ಚು’ ಎನ್ನುವ ತಾಯಿಗೆ ಅದೇ ಹುಡುಗಿಯ ಕೈಯಲ್ಲಿ ಉಳಿ ಕಂಡರೆ ಎದೆ ಝಲ್ಲೆನ್ನುತ್ತದೆ. ಸ್ವೀಡನ್ ದೇಶದಲ್ಲಿ ಮರಗೆಲಸ ಇವತ್ತಿಗೂ ಹುಡುಗ ಹುಡುಗಿಯರಿಬ್ಬರಿಗೂ ಕಡ್ಡಾಯದ ಪಾಠ. ಅಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಓಟ್ಟೊ ಸಾಲೊಮನ್ ಎಂಬಾತ ಶಿಕ್ಷಕರಿಗೆ ಈ ವಿದ್ಯೆ ಕಲಿಸುತ್ತಿದ್ದಾಗ ಮಗುವಿನ ಕೈಗೆ ಮೊದಲು ಕೊಡಿಸುತ್ತಿದ್ದ ಆಯುಧ ಚಾಕು. ಅದು ಮಡಚುವ ಚಾಕುವಲ್ಲ.

ಇರಲಿ, ಉಳಿಗೆ ಬರೋಣ. ಅದಕ್ಕೆ ಮುಂಚೆ ಈಳಿಗೆಮಣೆಯನ್ನು ಒಮ್ಮೆ ನೋಡಿಬರಬೇಕು, ಏಕೆಂದರೆ ಮಡಚುವ ಆಯುಧ ಎಂದರೇನೆಂದು ನಮಗೆ ಅದಕ್ಕಿಂತ ಚೆನ್ನಾಗಿ ಕಲಿಸುವ ಗುರು ಇಲ್ಲ. ನಮ್ಮ ಮನೆಯದಕ್ಕೆ ಈಗ ಇಪ್ಪತ್ತೈದು ವರ್ಷ. ಮಣೆಯ ಮೇಲೆ ಒಂದು ಕಾಲೊತ್ತಿ ಕುಳಿತು ಬದನೆಕಾಯಿಯನ್ನು ಅಲಗಿಗೆ ಕೊಡುತ್ತೇವೆ. ಅಲಗಿನ ಬಾಯಿ ನಮ್ಮ ಕಡೆಗೆ. ನಾವು ಒತ್ತುವುದು ನಮ್ಮಿಂದ ಆಚೆಗೆ. ಮಡಚುವಾಗ ಅಲಗು ಬಾಗುವುದಾದರೋ ನಮ್ಮ ಕಡೆಗೆ, ಮಣೆಯ ಮೇಲಕ್ಕೆ. ಅಂದರೆ ಹೆಚ್ಚುವ ಬಲ ಅಲಗನ್ನು ಮಡಚುವುದಿಲ್ಲ, ಇನ್ನಷ್ಟು ಬಿಗಿಯಾಗಿ ನೆಟ್ಟಗೆ ನಿಲ್ಲಿಸುತ್ತದೆ. ಮಾಡುವ ಕೆಲಸವೇ ಆಯುಧಕ್ಕೆ ಕಾವಲು! ಕುಂಬಳಕಾಯಿಯನ್ನು ಎಷ್ಟು ಬಲವಾಗಿ ಒತ್ತಿದರೂ ಅದು ಮಡಚಿಕೊಂಡು ಕೈಮೇಲೆ ಬೀಳದಿರುವುದು ಇದಕ್ಕೇ. ತುದಿಯ ಹಲ್ಲಿನಲ್ಲಿ ಕಾಯಿ ತುರಿಯುವಾಗ ಮಾತ್ರ ಕೊಂಚ ಅಲುಗುತ್ತದೆ, ಅದಕ್ಕೆಂದು ಬುಡದಲ್ಲಿ ಒಂದು ತಿರುಪು ಇದೆ. ಯಾವ ಪುಣ್ಯಾತ್ಮ ಯೋಚಿಸಿದನೋ.

ಪೇನಾಚಾಕುವಿನದೂ ಇದೇ ಲೆಕ್ಕ. ಬಾಯಿ ಕೆಳಗೆ ಮಾಡಿ ಮಾವಿನಕಾಯಿ ಕೊಯ್ಯುವಾಗ ನಮ್ಮ ಒತ್ತಡ ಅಲಗನ್ನು ಬಿಚ್ಚುವ ದಿಕ್ಕಿಗೇ ತಳ್ಳುತ್ತದೆ. ತುದಿಯಿಂದ ಚುಚ್ಚಹೋದಾಗ ಮಾತ್ರ ಅಲಗು ತಿರುಗಿ ಬೆರಳಿಗೆ ಬರುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ಬಳಕೆಯಲ್ಲಿದೆ, ಮರದ ಹಿಡಿಯ ಸರಳವಾದ ವಸ್ತು. ಅದರ ಕತ್ತಿಗೆ ಒಂದು ತಿರುಗುವ ಬಳೆ ಸೇರಿದ್ದು 1955ರಲ್ಲಿ. ಬಳೆ ತಿರುಗಿಸಿದರೆ ಅಲಗು ಹಿಂದಕ್ಕೆ ಬರುವ ದಾರಿ ಮುಚ್ಚುತ್ತದೆ. ಅಷ್ಟು ಒಳ್ಳೆಯ ಚಾಕುವಿಗೂ ಆ ಬಳೆ ಬೇಕಾಯಿತೆಂದರೆ ಕೀಲಿನ ಕಷ್ಟ ಎಂಥದೆಂದು ತಿಳಿಯುತ್ತದೆ.

ಉಳಿಯ ಕೆಲಸವೇ ಬೇರೆ. ಅದರ ಬಾಯಿ ಇರುವುದು ಉದ್ದಕ್ಕಲ್ಲ, ತುದಿಯಲ್ಲಿ. ಕೊಡತಿಯ ಏಟು ಹಿಡಿಯ ತಲೆಯ ಮೇಲೆ ಬಿದ್ದು ನೇರವಾಗಿ ಅಲಗಿನ ಬಾಯಿಗೆ ಇಳಿಯಬೇಕು. ಸಾದಾ ಉಳಿಯಲ್ಲಿ ಅಲಗಿನ ಬಾಲ ಹಿಡಿಯೊಳಗೆ ಹೋಗಿ ಕೂತಿರುತ್ತದೆ, ಅಲಗಿನ ಹೆಗಲು ಹಿಡಿಯ ಬಾಯಿಗೆ ತಾಗಿ ಏಟನ್ನು ಹೊರುತ್ತದೆ, ಮರ ಸೀಳದಿರಲೆಂದು ಹಿಡಿಗೆ ಒಂದು ಕಬ್ಬಿಣದ ಬಳೆ. ಮಡಚುವ ಉಳಿಯಲ್ಲಿ ಇದಾವುದೂ ಇಲ್ಲ. ಏಟು ಹಿಡಿಯಿಂದ ಅಲಗಿಗೆ ದಾಟುವುದು ಸಣ್ಣ ಬಳಪದಷ್ಟು ದಪ್ಪದ ಒಂದು ಮೊಳೆ ಮತ್ತು ಅದರ ಹಿಂದೆ ನಿಂತಿರುವ ತೆಳ್ಳಗಿನ ಸ್ಪ್ರಿಂಗ್ ಪಟ್ಟಿಯ ಮೂಲಕ. ಇನ್ನು ತೂತಿನೊಳಗಿನ ಚಕ್ಕೆಯನ್ನು ಮೀಟಿ ತೆಗೆಯುತ್ತೇವಲ್ಲ, ಆಗಿನ ಬಲ ಒಮ್ಮೆ ಬಿಚ್ಚುವ ಕಡೆಗೆ, ಇನ್ನೊಮ್ಮೆ ಮಡಚುವ ಕಡೆಗೆ. ಈಳಿಗೆಯಲ್ಲಿ ಕಾವಲಾಗಿದ್ದ ಬಲ ಇಲ್ಲಿ ಕಳ್ಳನ ಜೊತೆ ಸೇರುತ್ತದೆ.

ನಾನು ಬಿ.ಎ. ಓದಿದವಳು, ಯಂತ್ರಶಾಸ್ತ್ರ ಓದಿದವಳಲ್ಲ. ಅದಕ್ಕೇ ನನ್ನ ಲೆಕ್ಕವನ್ನು ಕೆಲಸಕ್ಕೆ ಹಚ್ಚಿ ನೋಡಲು ನಮ್ಮ ಬೀದಿಯ ಹಿರಿಯ ಆಚಾರರ ಬಳಿಗೆ ಹೋದೆ. ಊರಿನ ಹೆಸರಿನಲ್ಲೇ ಸಂತೆಯೂ ಇದೆ, ಮರವೂ ಇದೆ. ಮರ ಬಲ್ಲವರಿಗೆ ಕೊರತೆಯಿಲ್ಲ. ಅವರು ಉಳಿಯನ್ನು ಬಿಡಿಸಿ, ಮಡಚಿ, ಮತ್ತೆ ಬಿಡಿಸಿ, ‘ಚೆಂದಾಗದ ಕಣ ಮೇಡಮ್ಮೋರೆ, ಗೊಂಬ ಇದ್ದಂಗದ’ ಎಂದರು. ಹೊಗಳಿದರೋ ತೆಗಳಿದರೋ ತಿಳಿಯಲಿಲ್ಲ.

ಮೊದಲು ಅಲಗಿನ ಬೆನ್ನು ನೋಡಿದರು. ಉಳಿಯ ಒಂದು ಮೈ ಓರೆ, ಇನ್ನೊಂದು ಮೈ ಚಪ್ಪಟೆ. ಆ ಚಪ್ಪಟೆ ಬೆನ್ನು ಕನ್ನಡಿಯಷ್ಟು ಸಮವಾಗಿದ್ದರೆ ಮಾತ್ರ ಬಾಯಿ ನೇರವಾಗಿ ಕೊರೆಯುತ್ತದೆ. ಸಾಣೆಕಲ್ಲಿನ ಮೇಲೆ ನೀರು ಹಾಕಿ ನಾಲ್ಕು ಸಲ ಉಜ್ಜಿ ತೋರಿಸಿದರು. ಎರಡು ಅಂಚು ಮಾತ್ರ ಹೊಳೆದವು, ನಡುವೆ ಮಬ್ಬು. ಅಂದರೆ ನಡುವೆ ತಗ್ಗು. ‘ಇದೇನ್ ದೊಡ್ಡದಲ್ಲ, ಅರ್ಧ ಗಂಟ ತೀಡುದ್ರ ಸರಿಯಾಯ್ತದ’ ಎಂದರು. ತೀಡಿದೆವು, ಸರಿಯಾಯಿತು. ಅಂಗಡಿಯ ಸಾದಾ ಉಳಿಗಳಲ್ಲೂ ಈ ದೋಷ ಉಂಟಂತೆ, ಆದ್ದರಿಂದ ಇದಕ್ಕೆ ಅಂಕ ಕಳೆಯುವುದಿಲ್ಲ. ಆದರೆ ಉಜ್ಜಿದ ಕೆಸರು ಕೀಲಿನ ಸಂದಿಗೆ ಇಳಿಯಿತು. ತೊಳೆದು ಒರೆಸಿ ಎಣ್ಣೆ ಬಿಟ್ಟರೂ ಮಡಚುವಾಗ ಮರಳು ಅಗಿದ ಶಬ್ದ ಎರಡು ದಿನ ಹೋಗಲಿಲ್ಲ. ಮಳೆಗಾಲದಲ್ಲಿ ಅಲ್ಲಿ ತುಕ್ಕು ಕೂರದೆ ಇರುತ್ತದೆಯೇ?

ಆಮೇಲೆ ಅರ ತೆಗೆದು ಬಾಯಿಯ ಹತ್ತಿರ ಮೆಲ್ಲಗೆ ಎಳೆದರು. ಹದವಾದ ಉಕ್ಕಾದರೆ ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಬೇಕು. ಇದರಲ್ಲಿ ಕೊಂಚ ಕಚ್ಚಿತು. ಹದ ಎಂದರೆ ನಮ್ಮ ಒಬ್ಬಟ್ಟಿನ ಪಾಕದ ಹಾಗೆಯೇ. ಕಾಯಿಸಿ ಒಮ್ಮೆಲೇ ತಣಿಸಿದ ಉಕ್ಕು ಗಾಜಿನಂತೆ ಗಡಸು, ಹೊಡೆದರೆ ಚೂರು. ಅದನ್ನು ಮತ್ತೆ ಮೆಲ್ಲಗೆ ಕಾಯಿಸುತ್ತ ಮೈಮೇಲೆ ಹುಲ್ಲಿನ ಹಳದಿ ಬಣ್ಣ ಮೂಡಿದ ಕೂಡಲೇ ನಿಲ್ಲಿಸಬೇಕು. ಬಣ್ಣ ನೀಲಿಗೆ ತಿರುಗಿತೋ, ಸ್ಪ್ರಿಂಗಿಗಾಗುತ್ತದೆ, ಉಳಿಗಾಗುವುದಿಲ್ಲ. ಇದನ್ನು ಕಣ್ಣಿನಲ್ಲೇ ಅಳೆಯುವ ಕುಲುಮೆಯವರು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಮಾಡಿದ ಉಳಿಗಳು ಆಚಾರರ ಚೀಲದಲ್ಲಿದ್ದವು. ಅವರ ತಂದೆಯ ಕಾಲದ್ದೊಂದು ಸವೆದು ಸವೆದು ಹೆಬ್ಬೆರಳುದ್ದ ಉಳಿದಿತ್ತು, ಆದರೂ ಕೂದಲು ಕೊಯ್ಯುತ್ತಿತ್ತು. ಅದರ ಹಿಡಿ ಜಾಲಿ ಮರದ್ದು, ಮೂರನೆಯದಂತೆ.

ಕೆಲಸಕ್ಕೆ ಇಳಿದೆವು. ಸಿಲ್ವರ್ ಓಕಿನ ತುಂಡಿನಲ್ಲಿ ಮಡಚುವ ಉಳಿ ಚೆನ್ನಾಗಿಯೇ ನಡೆಯಿತು. ಕೈಯಲ್ಲಿ ತಳ್ಳಿದರೆ ಬೆಣ್ಣೆಯಲ್ಲಿ ಹೋದಂತೆ ಹೋಗಿ ತೆಳ್ಳನೆಯ ಸುರುಳಿ ಎದ್ದಿತು. ಆಚಾರರೇ ತಲೆದೂಗಿದರು. ಹಲಸಿನ ಹಲಗೆಯಲ್ಲಿ ಚೌಕ ತೂತು ಹೊಡೆಯಲು ಕೊಡತಿ ಎತ್ತಿದಾಗ ಮಾತ ಬೇರೆಯಾಯಿತು. ಹತ್ತು ಏಟಿಗೆ ಸದ್ದು ಬದಲಾಯಿತು. ಇಪ್ಪತ್ತೈದು ಏಟಾಗುವಷ್ಟರಲ್ಲಿ ಅಲಗು ಎಡಕ್ಕೂ ಬಲಕ್ಕೂ, ಏಳು ವರ್ಷದ ಮಗುವಿನ ಹಾಲುಹಲ್ಲಿನ ಹಾಗೆ, ಅಲ್ಲಾಡತೊಡಗಿತು. ಕೀಲಿನಲ್ಲಿ ಕೂದಲೆಳೆಯಷ್ಟು ಸಡಿಲ ಎಂದರೆ ತುದಿಯಲ್ಲಿ ಅಕ್ಕಿಕಾಳಿನಷ್ಟು. ಗೆರೆಯ ಮೇಲೆ ಇಟ್ಟ ಬಾಯಿ ಗೆರೆಯ ಪಕ್ಕಕ್ಕೆ ಇಳಿಯುತ್ತದೆ. ಅಷ್ಟರಲ್ಲೇನು ಹೋಯಿತು ಎಂದು ಬೇರೆ ಊರಿನವರು ಕೇಳಬಹುದು, ನಮ್ಮ ಊರಿನವರು ಕೇಳಲಾರರು. 2004ರ ವಿಧಾನಸಭಾ ಚುನಾವಣೆಯಲ್ಲಿ ಆಗಿನ ಸಂತೆಮರಹಳ್ಳಿ ಕ್ಷೇತ್ರದ ಸೋಲು ಗೆಲುವು ತೀರ್ಮಾನವಾದದ್ದು ಒಂದೇ ಒಂದು ಮತದಿಂದ. ಎಳೆಯಷ್ಟರ ಬೆಲೆ ಇಲ್ಲಿ ಎಲ್ಲರಿಗೂ ಗೊತ್ತು.

ಬಾಯಿಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಅದೂ ಒಂದು ಕಡೆ ಮಡಚಿಕೊಂಡಿತ್ತು. ಮಡಚುವ ಉಳಿಯಲ್ಲಿ ಮಡಚಬಾರದ್ದೂ ಮಡಚಿತು! ಅರ ಮೊದಲೇ ಹೇಳಿದ್ದ ಸುದ್ದಿ ಇದು.

ಇನ್ನೊಂದು ತೊಂದರೆ ನನಗೇ ಕಂಡದ್ದು. ಹಲಗೆಯ ಮೇಲೆ ಉಬ್ಬಿದ ಬೆಣೆಯ ತಲೆಯನ್ನು ಸಮ ಮಾಡಬೇಕಾದರೆ ಉಳಿಯ ಬೆನ್ನನ್ನು ಹಲಗೆಗೆ ಪೂರ್ತಿ ಒರಗಿಸಿ ಜಾರಿಸಬೇಕು. ಇದರ ಹಿಡಿ ಅಲಗಿಗಿಂತ ದಪ್ಪ, ಅಲಗೋ ಮೂರು ಅಂಗುಲ. ಹಲಗೆಯ ಅಂಚಿನಲ್ಲಿ ಸರಿ, ನಡುವೆ ಹೋದರೆ ಹಿಡಿ ತಡೆದು ಅಲಗು ಮೇಲೆದ್ದುಕೊಳ್ಳುತ್ತದೆ. ಇದು ಈ ಒಂದು ಉಳಿಯ ದೋಷವಲ್ಲ. ಹೊಟ್ಟೆಯಲ್ಲಿ ಅಲಗನ್ನು ಬಚ್ಚಿಡಬೇಕಾದ ಹಿಡಿ ದಪ್ಪವಾಗಿರಲೇಬೇಕು, ಹಿಡಿಯೊಳಗೆ ಮಲಗಬೇಕಾದ ಅಲಗು ಗಿಡ್ಡವಾಗಿರಲೇಬೇಕು. ಎಷ್ಟು ದುಡ್ಡು ಸುರಿದು ಮಾಡಿದರೂ ಇದಕ್ಕೆ ಪರಿಹಾರವಿಲ್ಲ. ಒಳ್ಳೆಯ ಉಕ್ಕು ಹಾಕಬಹುದು, ದಪ್ಪ ಮೊಳೆ ಹಾಕಬಹುದು, ಕೀಲನ್ನು ತೆಗೆಯುವುದಂತೂ ಆಗದು.

ಹಾಗಾದರೆ ಇದು ಕೆಲಸಕ್ಕೆ ಬಾರದ ವಸ್ತುವೇ? ಅಲ್ಲ. ಒಂದು ತಿಂಗಳು ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಇದ್ದಾಗ ಅದು ಮಾಡಿದ ಕೆಲಸಗಳನ್ನು ಹೇಳುತ್ತೇನೆ. ಮಳೆಗೆ ಉಬ್ಬಿ ಮುಚ್ಚದಿದ್ದ ಅಡುಗೆಮನೆಯ ಕಿಟಕಿಯ ಅಂಚನ್ನು ಕೆರೆದು ಕೂರಿಸಿತು. ಹಿತ್ತಿಲ ಬಾಗಿಲಿನ ಚಿಲಕ ಕೂರುವ ತೂತಿಗೆ ಸುಣ್ಣಬಣ್ಣ ತುಂಬಿಕೊಂಡು ಚಿಲಕ ಅರ್ಧಕ್ಕೇ ನಿಲ್ಲುತ್ತಿತ್ತು. ಒಬ್ಬಳೇ ಇರುವ ಮನೆ ನನ್ನದು. ‘ನಾಳೆ ಬರ್ತೀನಿ’ ಎಂದ ಕೆಲಸದವನ ನಾಳೆ ಒಂಬತ್ತು ದಿನವಾದರೂ ಬಂದಿರಲಿಲ್ಲ, ಅಷ್ಟೂ ರಾತ್ರಿ ಬಾಗಿಲಿಗೆ ಅಕ್ಕಿಮೂಟೆ ಒರಗಿಸಿ ಮಲಗಿದ್ದೆ. ಈ ಉಳಿ ಆ ತೂತನ್ನು ಕಾಲು ಗಂಟೆಯಲ್ಲಿ ಬಿಡಿಸಿತು. ಚಿಲಕ ‘ಠಳ್’ ಎಂದು ಕೂತ ಸದ್ದು ನನಗೆ ಸಂಗೀತದ ಹಾಗೆ ಕೇಳಿಸಿತು. ಶಾಲೆಯಲ್ಲಿ ತೆರೆಯದಿದ್ದ ಮೇಜಿನ ಡ್ರಾಯರು, ಬೆಂಚಿನಲ್ಲಿ ಎದ್ದು ಹುಡುಗಿಯರ ಲಂಗ ಹರಿಯುತ್ತಿದ್ದ ಸಿಬಿರು, ಇವೆಲ್ಲ ಇದಕ್ಕೆ ಲೀಲಾಜಾಲ. ಕೊಡತಿ ತೋರಿಸದೆ ಕೈಯ ಒತ್ತಡದಲ್ಲಿ ಮುಗಿಯುವ ಕೆಲಸವಾದರೆ ಇದು ಒಳ್ಳೆಯ ನಂಟ. ಬ್ಯಾಗಿನಲ್ಲಿರುವ ಪುಸ್ತಕ, ಕರವಸ್ತ್ರ ಯಾವುದನ್ನೂ ಹರಿಯದೆ ತೆಪ್ಪಗಿರುತ್ತದೆ. ಸಾದಾ ಉಳಿಗೆ ಬಾಯಿಗವಸು ಹಾಕದೆ ಹೀಗೆ ಕೊಂಡೊಯ್ಯಲಾಗದು.

ಅಮೆರಿಕದಲ್ಲಿ ಫ್ಲೆಕ್ಸ್‌ಕಟ್ ಎಂಬವರು ‘ಕಾರ್ವಿನ್ ಜ್ಯಾಕ್’ ಎಂದು ಒಂದು ಮಾಡುತ್ತಾರೆ. ಒಂದೇ ಹಿಡಿಯೊಳಗೆ ಆರು ಅಲಗು, ಅದರಲ್ಲಿ ಉಳಿಯೂ ಒಂದು. ಎಡಗೈಯವರಿಗೆ ಬೇರೆಯೇ ಮಾದರಿ. ಅದನ್ನು ಮಾಡಿರುವುದು ಮರದ ತುಂಡು ಹಿಡಿದು ಹಕ್ಕಿಯನ್ನೋ ಚಮಚವನ್ನೋ ಕೆತ್ತುತ್ತ ಕೂರುವವರಿಗೆ, ಏಟು ಹೊಡೆಯುವವರಿಗಲ್ಲ. ಅಲ್ಲಿ ಮಡಚುವಿಕೆಗೆ ಅರ್ಥವಿದೆ. ನಮ್ಮ ಮುಂದಿರುವ ಉಳಿಗೆ ಉಕ್ಕಿನ ಟೋಪಿ ತೊಡಿಸಿ ‘ಹೊಡೆಯಿರಿ’ ಎಂದದ್ದೇ ನನ್ನ ಆಕ್ಷೇಪ. ಆ ಟೋಪಿ ಇಲ್ಲದಿದ್ದರೆ ಈ ವಿಮರ್ಶೆ ಇಷ್ಟು ಉದ್ದವಾಗುತ್ತಿರಲಿಲ್ಲ.

ಇನ್ನು ‘ಹೆಣ್ಣುಮಕ್ಕಳಿಗೆ ಸುರಕ್ಷಿತ’ ಎಂಬ ಮಾತು. ಉಳಿಯಿಂದ ಗಾಯವಾಗುವುದು ಯಾವಾಗ? ಮರವನ್ನು ಬಿಗಿಯದೆ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಉಳಿ ತಳ್ಳಿದಾಗ. ಬಾಯಿ ಮೊಂಡಾಗಿ, ಇಲ್ಲದ ಬಲ ಹಾಕಿ, ಅದು ಜಾರಿದಾಗ. ಎರಡೂ ಕೈ ಉಳಿಯ ಬಾಯಿಯ ಹಿಂದೆ ಇದ್ದರೆ ಅದು ಯಾರನ್ನೂ ಕಚ್ಚುವುದಿಲ್ಲ. ಮಡಚುವ ಉಳಿ ಈ ಎರಡರಲ್ಲಿ ಯಾವುದನ್ನೂ ತಪ್ಪಿಸುವುದಿಲ್ಲ. ಬದಲಿಗೆ ಬಾಯಿ ಬೇಗ ಮೊಂಡಾಗುವ ಉಕ್ಕು, ಅಲ್ಲಾಡುವ ಕೀಲು, ಸೀಳಿನಲ್ಲಿ ಮರದ ಹುಡಿ ತುಂಬಿದಾಗ ಪೂರ್ತಿ ಕೂರದ ಸ್ಪ್ರಿಂಗ್ ಎಂದು ಮೂರನ್ನು ಸೇರಿಸುತ್ತದೆ. ಇದರ ಸುರಕ್ಷತೆಯೆಲ್ಲ ಚೀಲದಲ್ಲಿರುವಾಗಿನದು, ಕೆಲಸ ಮಾಡದಿರುವಾಗಿನದು. ಹುಡುಗಿಯರಿಗೆ ನಾವು ಕೊಡುವ ಅನೇಕ ವಸ್ತುಗಳ ಸುರಕ್ಷತೆ ಇದೇ ಜಾತಿಯದು ಎಂದು ನನಗೆ ಅನಿಸುವುದುಂಟು, ಅದು ಬೇರೆ ವಿಚಾರ.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಬಡಗಿಯವರ ಮನೆಯವಳು. ಅಣ್ಣನಿಗೆ ಅಪ್ಪ ಉಳಿ ಕೊಟ್ಟು ಕಲಿಸಿದ್ದಾರೆ, ಇವಳಿಗೆ ಹುಡಿ ಗುಡಿಸುವ ಕೆಲಸ. ಮಡಚುವ ಉಳಿಯನ್ನು ಅವಳ ಕೈಗೆ ಕೊಟ್ಟೆ. ಬಿಡಿಸಿ, ಬಾಯಿಯನ್ನು ಹೆಬ್ಬೆರಳಿನಿಂದ ಅಡ್ಡಕ್ಕೆ ಸವರಿ, ಅಲಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ಮಡಚಿ ವಾಪಸ್ಸು ಕೊಟ್ಟು, ‘ಮಿಸ್, ಅಣ್ಣಂಗ ಕೊಡಂಥದ್ದೇ ಕೊಡ್ಸಿ’ ಎಂದಳು. ನಾನು ಆಚಾರರ ಜಗಲಿಯಲ್ಲಿ ಕೂತು ಕಲಿತದ್ದನ್ನು ಅವಳು ಗುಡಿಸುತ್ತಲೇ ಕಲಿತಿದ್ದಳು.

ಬೆಂಗಳೂರಿಗೆ ಹೀಗೆ ಬರೆದೆ. ಮಡಚುವ ಉಳಿ ಬೇಡ. ಅದೇ ಹಣದಲ್ಲಿ ಮರದ ಹಿಡಿಯ, ಬಳೆ ಹಾಕಿದ ಸಾದಾ ಉಳಿಗಳು ಬರಲಿ: ಕಾಲು ಅಂಗುಲ, ಅರ್ಧ, ಮುಕ್ಕಾಲು, ಒಂದು, ಪ್ರತಿಯೊಂದರಲ್ಲಿ ನಾಲ್ಕು. ಹಿಡಿ ಸಣಕಲಾಗಿರಲಿ, ಹುಡುಗಿಯರ ಅಂಗೈಗೆ ಹಿಡಿಯುವಂತೆ. ಹಗುರವಾದ ಕೊಡತಿ ನಾಲ್ಕು. ಮರವನ್ನು ಮೇಜಿಗೆ ಬಿಗಿಯುವ ಕಬ್ಬಿಣದ ಹಿಡಿಕೆ ನಾಲ್ಕು, ಇದನ್ನು ಮಾತ್ರ ದಯವಿಟ್ಟು ಕೈಬಿಡಬೇಡಿ. ಒರಟು ನಯ ಎರಡೂ ಮೈ ಇರುವ ಸಾಣೆಕಲ್ಲು ಎರಡು. ಮಾದರಿಗೆ ಕಳಿಸಿದ ಉಳಿಯ ಬೆಲೆಯನ್ನು ನಾನೇ ಕೊಡುತ್ತೇನೆ, ಅದನ್ನು ವಾಪಸ್ಸು ಕಳಿಸುವ ಮನಸ್ಸಿಲ್ಲ, ಮುಂಬಾಗಿಲಿನ ಚಿಲಕವೂ ಈಚೆಗೆ ಬಿಗಿಯುತ್ತಿದೆ.